ಹಸಿರು ತಂತಿಯ ವಿಷಯವನ್ನು ಯಾರೂ ಹೇಳಿರಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವರ್ಷ ಜುಲೈ ತಿಂಗಳ ಜಡಿಮಳೆಯಲ್ಲಿ ನಮ್ಮ ಮನೆಯ ವಾಷಿಂಗ್ ಮಷಿನ್ ನೀರು ತುಂಬಿಕೊಳ್ಳುವುದನ್ನು ನಿಲ್ಲಿಸಿತು. ಚಿಕ್ಕಮಗಳೂರಿನಲ್ಲಿ ಒಂದೇ ಒಂದು ಮಳೆಗಾಲ ಕಳೆದವರಿಗೂ ಇದು ಎಂಥ ಪೇಚೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಗೆಯುವ ಕೆಲಸ ಹೇಗೋ ಕಲ್ಲಿನ ಮೇಲೆ ಆದೀತು. ಆದರೆ ಯಂತ್ರ ಗಿರಗಿರನೆ ತಿರುಗಿ ಹಿಂಡಿಕೊಡದೆ ಹೋದರೆ, ಜಗಲಿಯ ಹಗ್ಗದ ಮೇಲೆ ನಾಲ್ಕು ದಿನ ನೇತಾಡಿದ ಬಟ್ಟೆಯೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಸೇವಾ ಕೇಂದ್ರಕ್ಕೆ ಫೋನು ಮಾಡಿದ ಆರನೆಯ ದಿನ ಬಂದ ಮೆಕ್ಯಾನಿಕ್ ಎರಡು ಗುಂಡಿ ಒತ್ತಿ, ಪರದೆಯ ಮೇಲೆ ಮೂಡಿದ ಸಂಕೇತವನ್ನು ನೋಡಿ, ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಹೋಗಿದೆ, 6,800 ರೂಪಾಯಿ ಆಗುತ್ತದೆ ಎಂದರು. ಮನೆಗೆ ಬಂದುದಕ್ಕೆ 450 ರೂಪಾಯಿ ಬೇರೆ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಏಳು ವರ್ಷದ ಹಿಂದೆ 16,500 ರೂಪಾಯಿಗೆ ತಂದ ಯಂತ್ರಕ್ಕೆ ಇಷ್ಟು ಹಣ ಹಾಕುವುದೋ, ಹೊಸದನ್ನೇ ತರುವುದೋ ಎಂದು ಮನಸ್ಸಿನಲ್ಲೇ ಕೂಡಿ ಕಳೆದು, ಯೋಚಿಸಿ ಹೇಳುತ್ತೇನೆಂದು ಅವರನ್ನು ಕಳಿಸಿಕೊಟ್ಟೆ.

ಆ ರಾತ್ರಿ ಊಟವಾದ ಮೇಲೆ ಯಂತ್ರದ ಪ್ಲಗ್ಗನ್ನು ಕಿತ್ತು, ನಲ್ಲಿಯನ್ನು ಬಂದ್ ಮಾಡಿ, ಹಿಂಬದಿಯಲ್ಲಿ ನೀರಿನ ಪೈಪು ಸೇರುವ ಪ್ಲಾಸ್ಟಿಕ್ ತಿರುಪನ್ನು ಕೈಯಲ್ಲೇ ಬಿಚ್ಚಿದೆ. ಒಳಗೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ಜರಡಿಯೊಂದು ಇತ್ತು. ಅದನ್ನು ಚಿಕ್ಕ ಇಕ್ಕಳದಿಂದ ಎಳೆದು ತೆಗೆದರೆ, ಬಿಳಿಯ ಬಣ್ಣದ್ದಾಗಿರಬೇಕಿದ್ದ ಆ ಜರಡಿ ಕುಂಬಾರನ ಕೈಯ ಮಣ್ಣಿನಂತೆ ಕೆಂಪಗೆ ಮೆತ್ತಿಕೊಂಡಿತ್ತು. ನಮ್ಮ ನಗರಕ್ಕೆ ನೀರು ಬರುವುದು ಯಗಚಿಯಿಂದ ಮತ್ತು ಹಿರೇಕೊಳಲೆ ಕೆರೆಯಿಂದ. ಮಳೆಗಾಲದಲ್ಲಿ ನಲ್ಲಿಯ ನೀರು ಚಹದ ಬಣ್ಣಕ್ಕೆ ತಿರುಗುವುದನ್ನು ನಾವೆಲ್ಲ ವರ್ಷವೂ ನೋಡುತ್ತೇವೆ, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಿಸುತ್ತೇವೆ. ಅದೇ ನೀರು ಯಂತ್ರಕ್ಕೂ ಹೋಗುತ್ತದೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜರಡಿಯನ್ನು ಉಜ್ಜಿ ತೊಳೆದು, ಮೊದಲಿದ್ದಂತೆ ಸೇರಿಸಿ ನಲ್ಲಿ ಬಿಟ್ಟಾಗ ನೀರು ಡ್ರಮ್ಮಿಗೆ ಧುಮ್ಮಿಕ್ಕಿದ ಸದ್ದಿಗೆ ನಿದ್ದೆಹೋಗಿದ್ದ ನನ್ನ ಅತ್ತೆ ಎದ್ದು ಬಂದರು. ಖರ್ಚು ಸೊನ್ನೆ; ಹಿಡಿದ ಹೊತ್ತು ಇಪ್ಪತ್ತು ನಿಮಿಷ.

ಆ ಮೆಕ್ಯಾನಿಕ್ ನನ್ನನ್ನು ಮೋಸ ಮಾಡಲು ಬಂದಿದ್ದರೆಂದು ನಾನು ಹೇಳುತ್ತಿಲ್ಲ. ಸಿಡಿಲು ಮಳೆಗೆ, ಹೋಗಿ ಬಂದು ಮಾಡುವ ಕರೆಂಟಿಗೆ ಬೋರ್ಡುಗಳು ಹೋಗುವುದು ನಮ್ಮ ಕಡೆ ಅಪರೂಪವೇನೂ ಅಲ್ಲ. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಅಂದು ಇನ್ನೂ ಒಂಬತ್ತು ಮನೆಗಳಿದ್ದವು, ಅವುಗಳಲ್ಲಿ ಎರಡು ಆಲ್ದೂರಿನ ಆಚೆ. ಮಳೆಯಲ್ಲಿ ಬೈಕಿನ ಮೇಲೆ ತಿರುಗುವ ಮನುಷ್ಯನಿಗೆ ಪ್ರತಿ ಮನೆಯಲ್ಲೂ ಪೈಪು ಬಿಚ್ಚಿ ನೋಡುವ ವ್ಯವಧಾನ ಇರಲಾರದು. ನನ್ನ ದೂರು ಬೇರೆಯದು. ಮರುದಿನ ಕಪಾಟಿನ ತಳದಿಂದ ಯಂತ್ರದ ಕೈಪಿಡಿಯನ್ನು ಹುಡುಕಿ ತೆಗೆದು ನೋಡಿದರೆ, ನೀರಿನ ಜರಡಿಯನ್ನು ಆಗಾಗ ಶುಚಿ ಮಾಡಬೇಕೆಂಬ ಮಾತು ಅದರಲ್ಲಿ ಇದ್ದೇ ಇತ್ತು: ಕೊನೆಯ ಪುಟಗಳಲ್ಲೊಂದು ಕಡೆ, ಸಾಸಿವೆಯಂಥ ಅಕ್ಷರಗಳಲ್ಲಿ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಇಂಗ್ಲಿಷ್ ಓದಬಲ್ಲ ನಾನೇ ಏಳು ವರ್ಷ ಅದನ್ನು ನೋಡಿರಲಿಲ್ಲ. ಆ ಯಂತ್ರವನ್ನು ನನಗಿಂತ ಹೆಚ್ಚು ಬಳಸುವ ನನ್ನ ಅತ್ತೆಗೆ ಓದಲು ಬರುವುದು ಕನ್ನಡ ಮಾತ್ರ. ಪುಸ್ತಕದ ಉಳಿದ ಭಾಗದಲ್ಲೆಲ್ಲ, ಯಾವ ದೋಷಕ್ಕೂ ಒಂದೇ ಔಷಧ ಬರೆದಿತ್ತು: ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಿ.

ಮನೆಯ ಯಂತ್ರಗಳನ್ನು ಮನೆಯವರು ಮುಟ್ಟಬಾರದು ಎನ್ನುವವರ ಮಾತಿನಲ್ಲೂ ತೂಕವಿದೆ ಎಂಬುದನ್ನು ನಾನು ಆಮೇಲೆ ಕಲಿತೆ. ಅದನ್ನು ಮುಚ್ಚಿಡದೆ ಬರೆಯುತ್ತೇನೆ. ಜರಡಿ ತೊಳೆದ ಗೆಲುವು ನನ್ನ ತಲೆಗೇರಿತ್ತು. ಮುಂದಿನ ಸರದಿ ಮಿಕ್ಸಿಯದು. ಬೆಳಗಿನ ಕಡುಬಿಗೆ ಅಕ್ಕಿ ತರಿ ಮಾಡುತ್ತಿದ್ದಾಗ ಮೋಟಾರು ಜೋರಾಗಿ ತಿರುಗುತ್ತಿದ್ದರೂ ಜಾರಿನ ಬ್ಲೇಡು ನಿಂತುಹೋಯಿತು. ಜಾರನ್ನು ತಲೆಕೆಳಗೆ ಮಾಡಿ ನೋಡಿದರೆ, ಮೋಟಾರಿನ ತಿರುಗಾಟವನ್ನು ಬ್ಲೇಡಿಗೆ ಮುಟ್ಟಿಸುವ ಕಪ್ಲರಿನ ಹಲ್ಲುಗಳೆಲ್ಲ ಸವೆದು ನುಣ್ಣಗಾಗಿದ್ದವು. ಪೇಟೆಯ ಅಂಗಡಿಯಲ್ಲಿ ಆ ಕಪ್ಲರಿಗೆ 40 ರೂಪಾಯಿ. ಅಂಗಡಿಯವರು ಅದನ್ನು ಕೊಡುವ ಮುಂಚೆ, "ಯಜಮಾನ್ರನ್ನ ಕಳಿಸಿ ಮೇಡಂ, ಹಾಕೋ ರೀತಿ ಹೇಳಿಕೊಡ್ತೀನಿ" ಎಂದರು. ನಮ್ಮ ಯಜಮಾನರಿಗೆ ಬಲ್ಬು ಬದಲಿಸುವುದಕ್ಕೂ ನಾನೇ ಸ್ಟೂಲು ಹಿಡಿದುಕೊಳ್ಳಬೇಕೆಂಬುದನ್ನು ಅವರಿಗೆ ಹೇಳುವ ಗೋಜಿಗೆ ಹೋಗದೆ, ನನಗೇ ಹೇಳಿಕೊಡಿ ಎಂದೆ. ಹೇಳಿಕೊಟ್ಟರು, ಚೆನ್ನಾಗಿಯೇ ಹೇಳಿಕೊಟ್ಟರು: ಕೆಲವು ಮಿಕ್ಸಿಗಳಲ್ಲಿ ಈ ತಿರುಪು ಸಾಮಾನ್ಯ ಸ್ಕ್ರೂಗೆ ವಿರುದ್ಧ ದಿಕ್ಕಿನಲ್ಲಿ ಬಿಚ್ಚಿಕೊಳ್ಳುತ್ತದೆ, ತಿಳಿಯದೆ ಬಲವಂತ ಮಾಡಿದರೆ ಇನ್ನಷ್ಟು ಬಿಗಿಯುತ್ತದೆ ಎಂಬುದನ್ನು ನಾನು ಕೇಳಿದ್ದು ಅಲ್ಲಿಯೇ.

ಅದೇ ಅಂಗಡಿಯ ಕಟ್ಟೆಯ ಬಳಿ ನಿಂತಿದ್ದಾಗ ಇನ್ನೊಂದು ಮಾತೂ ಕಿವಿಗೆ ಬಿತ್ತು. ಪದೇ ಪದೇ ನಿಂತುಹೋಗುವ ಮಿಕ್ಸಿಯನ್ನು ತಂದಿದ್ದ ಒಬ್ಬರಿಗೆ, ಪಕ್ಕದಲ್ಲಿದ್ದ ರಿಪೇರಿಯವರು "ಅದನ್ನ ಡೈರೆಕ್ಟ್ ಮಾಡಿಕೊಡ್ತೀನಿ, ಇನ್ಮೇಲೆ ನಿಲ್ಲಲ್ಲ" ಎನ್ನುತ್ತಿದ್ದರು. ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿಯ ಕೆಲಸವೇ ನಿಲ್ಲಿಸುವುದು. ಜಾರಿಗೆ ಮಿತಿಮೀರಿ ತುಂಬಿ, ನೀರು ಹಾಕದೆ ಗಟ್ಟಿಯಾದುದನ್ನು ರುಬ್ಬಿದಾಗ ಮೋಟಾರು ಎಳೆಯುವ ಕರೆಂಟು ಏರುತ್ತದೆ, ಅದರೊಳಗಿನ ತಂತಿಯ ಸುರುಳಿ ಕಾಯುತ್ತದೆ, ಆಗ ಆ ಗುಂಡಿ ಹೊರಕ್ಕೆ ಚಿಮ್ಮಿ ಸಂಪರ್ಕವನ್ನು ಕಡಿಯುತ್ತದೆ. ಜಾರನ್ನು ಸ್ವಲ್ಪ ಖಾಲಿ ಮಾಡಿ, ಹತ್ತು ನಿಮಿಷ ತಣಿಯಲು ಬಿಟ್ಟು, ಗುಂಡಿಯನ್ನು ಒಳಕ್ಕೆ ಒತ್ತಿದರೆ ಮತ್ತೆ ಓಡುತ್ತದೆ. ಮತ್ತೆ ಮತ್ತೆ ಚಿಮ್ಮುತ್ತಿದ್ದರೆ ಮೋಟಾರಿನಲ್ಲೋ ಬುಷ್ಷಿನಲ್ಲೋ ತೊಂದರೆ ಇದೆಯೆಂದು ಅರ್ಥ. ಎರಡು ತಂತಿಗಳನ್ನು ಕೂಡಿಸಿ ಗುಂಡಿಯನ್ನೇ ದಾಟಿಸಿಬಿಟ್ಟರೆ ಮಿಕ್ಸಿ ನಿಲ್ಲುವುದಿಲ್ಲ, ನಿಜ. ಸುರುಳಿ ಸುಡುವ ತನಕ ನಿಲ್ಲುವುದಿಲ್ಲ. ಗೀಸರಿನ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟನ್ನೂ ಹೀಗೆಯೇ "ಡೈರೆಕ್ಟ್" ಮಾಡಿಕೊಡುವವರು ಇದ್ದಾರೆಂದು ಕೇಳಿದ್ದೇನೆ. ಕುದಿಯುವ ನೀರಿನ ಮುಚ್ಚಿದ ಹಂಡೆಯನ್ನು ಬಚ್ಚಲಿನ ಗೋಡೆಗೆ ನೇತುಹಾಕಿ ಅದರ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗೆ ಅದು.

ಇಷ್ಟು ತಿಳಿವಳಿಕೆಯ ಮಾತಾಡುವ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಹಳೆಯ ಕಾಲದ, ಭಾರವಾದ, ಹೊಳೆಯುವ ಲೋಹದ ಹೊದಿಕೆಯ ಇಸ್ತ್ರಿ ಪೆಟ್ಟಿಗೆಯೊಂದಿದೆ. ಅತ್ತೆಯವರ ನೂಲಿನ ಸೀರೆಗಳಿಗೆ ಅದೇ ಆಗಬೇಕು. ಆಗಸ್ಟಿನಲ್ಲಿ ಅದರ ವಯರು ಕುತ್ತಿಗೆಯ ಬಳಿ ತಿರುಚಿ ತಿರುಚಿ ತುಂಡಾಯಿತು. ನಾನು ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದೆ. ಹಳೆಯ ವಯರಿನಲ್ಲಿ ಮೂರು ಎಳೆಗಳಿದ್ದವು: ಕೆಂಪು, ಕಪ್ಪು, ಹಸಿರು. ಕೆಂಪು ಕಪ್ಪು ಎರಡೂ ಕಾಯುವ ಎಲಿಮೆಂಟಿನ ಎರಡು ತುದಿಗಳಿಗೆ ಹೋಗಿದ್ದವು. ಹಸಿರು ಎಳೆ ಮಾತ್ರ ಯಾವುದಕ್ಕೂ ಸಂಬಂಧವಿಲ್ಲದಂತೆ ಲೋಹದ ಮೈಗೆ ಒಂದು ಸ್ಕ್ರೂವಿನಿಂದ ಬಿಗಿದುಕೊಂಡಿತ್ತು. ಲೆಕ್ಕದವಳ ಬುದ್ಧಿಗೆ ಅದು ದಂಡದ ಖರ್ಚಾಗಿ ಕಂಡಿತು. ಕರೆಂಟು ಹೋಗಲು ಒಂದು, ಬರಲು ಒಂದು, ಮೂರನೆಯದು ಏಕೆ? ನಾನು ಕೊಂಡುತಂದದ್ದು ಎರಡೇ ಎಳೆಯ ಸಾಮಾನ್ಯ ಪ್ಲಾಸ್ಟಿಕ್ ವಯರು ಮತ್ತು ಎರಡು ಪಿನ್ನಿನ ಪ್ಲಗ್ಗು. ಜೋಡಿಸಿ ಚಾಲೂ ಮಾಡಿದರೆ ಐದು ನಿಮಿಷದಲ್ಲಿ ಕಾದಿತು. ಆ ದಿನದ ಉಳಿತಾಯವನ್ನು ನಾನು ಡೈರಿಯಲ್ಲಿ ಬರೆದಿಟ್ಟಿದ್ದೆ.

ಸುಮಾರು ಮೂರು ವಾರದ ಬಳಿಕ, ಗೌರಿ ಹಬ್ಬದ ಹಿಂದಿನ ಸಂಜೆ, ಅತ್ತೆ ಸೀರೆಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದರು. ಪಕ್ಕದಲ್ಲಿ ನೀರಿನ ಬಟ್ಟಲು. ಅದರಲ್ಲಿ ಬೆರಳದ್ದಿ ಬಟ್ಟೆಯ ಮೇಲೆ ಚಿಮುಕಿಸುವುದು ಅವರ ರೂಢಿ. ನೆಲ ಸಿಮೆಂಟಿನದು, ಮಳೆಗೆ ಥಂಡಿ ಹಿಡಿದದ್ದು, ಅವರು ಬರಿಗಾಲಿನಲ್ಲಿದ್ದರು. ಒದ್ದೆ ಬೆರಳು ಪೆಟ್ಟಿಗೆಯ ಲೋಹದ ಹೊದಿಕೆಗೆ ತಗಲಿತು. "ಅಯ್ಯೋ" ಎಂಬ ಕೂಗಿಗೆ ನಾನು ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ಅವರು ಗೋಡೆಗೊರಗಿ ಕೂತಿದ್ದರು, ಪೆಟ್ಟಿಗೆ ಚಾಪೆಯ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಕೈ ಹಿಡಿದುಕೊಳ್ಳದೆ ಸೆಳೆದು ಬಿಟ್ಟದ್ದು ನಮ್ಮ ಪುಣ್ಯ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ, ಏನೂ ತೊಂದರೆಯಿಲ್ಲವೆಂದು ಹೇಳಿಸಿಕೊಂಡು ರಾತ್ರಿ ಹತ್ತಕ್ಕೆ ಮನೆಗೆ ಬಂದೆವು. ಅತ್ತೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಹಬ್ಬಕ್ಕೆ ಬಂದ ನನ್ನ ಅಕ್ಕನ ಮಗ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಎರಡು ವರ್ಷದ ಓದು ಮುಗಿಸಿದವನು. ಪೆಟ್ಟಿಗೆಯನ್ನು ಬಿಚ್ಚಿ ನೋಡಿ, "ಚಿಕ್ಕಮ್ಮ, ಒಂದಲ್ಲ, ಎರಡು ತಪ್ಪು ಮಾಡಿದ್ದೀರಿ" ಎಂದ. ಮೊದಲನೆಯದು, ವಯರಿನ ಜಾತಿ. ಇಸ್ತ್ರಿ ಪೆಟ್ಟಿಗೆಗೆ ನೂಲಿನ ಹೆಣಿಗೆಯ ಹೊದಿಕೆಯಿರುವ ವಯರನ್ನು ಹಾಕುವುದು ಚಂದಕ್ಕಲ್ಲ, ಅದು ಬಿಸಿಯನ್ನು ತಾಳುತ್ತದೆ ಎಂಬುದಕ್ಕೆ. ನಾನು ಹಾಕಿದ ಪ್ಲಾಸ್ಟಿಕ್ ವಯರು ಪೆಟ್ಟಿಗೆಯ ಬಿಸಿಗೆ ಒಳಗೊಳಗೇ ಮೆತ್ತಗಾಗಿ, ಕರಗಿ, ಬೆತ್ತಲಾದ ತಾಮ್ರದ ಎಳೆಯೊಂದು ಲೋಹದ ಮೈಗೆ ತಗಲಿಕೊಂಡಿತ್ತು. ಇದು ಆಗಬಾರದಿತ್ತು; ಆದರೆ ಇಂಥದ್ದು ಆಗಬಹುದೆಂದೇ ಹಸಿರು ಎಳೆಯನ್ನು ಇಟ್ಟಿರುತ್ತಾರೆ. ಅದು ಸರಿಯಾಗಿ ಇದ್ದಿದ್ದರೆ, ಮೈಗೆ ಬಂದ ಕರೆಂಟು ಮನುಷ್ಯರ ಕೈಗಾಗಿ ಕಾಯದೆ ಆ ದಾರಿಯಲ್ಲಿ ಭೂಮಿಗೆ ಇಳಿದು, ಆ ರಭಸಕ್ಕೆ ಫ್ಯೂಸು ಹೋಗಿ, ಪೆಟ್ಟಿಗೆ ಆಗಲೇ ಸತ್ತುಬೀಳುತ್ತಿತ್ತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ ಇರುವುದೂ ಇದಕ್ಕೇ. ಒಳಹೋಗುವಾಗ ಅದು ಎಲ್ಲಕ್ಕಿಂತ ಮೊದಲು ತಾಗಬೇಕು, ಹೊರಬರುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ನಲವತ್ತೆಂಟು ವರ್ಷ ಆ ಪಿನ್ನನ್ನು ದಿನವೂ ಕಂಡಿದ್ದೇನೆ. ಅದೇಕೆ ದಪ್ಪ ಎಂದು ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಅವನೇ 350 ರೂಪಾಯಿಯ ಒಂದು ಮಲ್ಟಿಮೀಟರ್ ಕೊಡಿಸಿ ಅದನ್ನು ಬಳಸುವುದನ್ನು ಕಲಿಸಿದ. ಇದರಲ್ಲಿ ಲೆಕ್ಕದವರಿಗೆ ಒಂದು ಸಂತೋಷವಿದೆ, ಅದನ್ನು ಓದುಗರೊಂದಿಗೆ ಹಂಚಿಕೊಳ್ಳದೆ ಇರಲಾರೆ. ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಪೆಟ್ಟಿಗೆಯ ಮೇಲೆ 1000 ವ್ಯಾಟ್ ಎಂದು ಬರೆದಿದೆ. 230ನ್ನು 230ರಿಂದ ಗುಣಿಸಿ 1000ದಿಂದ ಭಾಗಿಸಿದರೆ 52.9 ಬರುತ್ತದೆ, ಎಲಿಮೆಂಟು ಸರಿಯಿದ್ದರೆ, ಪ್ಲಗ್ಗನ್ನು ಗೋಡೆಯಿಂದ ಕಿತ್ತಿಟ್ಟು ಅದರ ಎರಡು ಪಿನ್ನುಗಳಿಗೆ ಮೀಟರಿನ ಎರಡು ಕಡ್ಡಿಗಳನ್ನು ತಾಗಿಸಿದಾಗ ಹೆಚ್ಚು ಕಡಿಮೆ ಅಷ್ಟೇ ಓಮ್ (ಕರೆಂಟಿಗೆ ಎಲಿಮೆಂಟು ಒಡ್ಡುವ ತಡೆಯ ಅಳತೆ) ತೋರಿಸಬೇಕು. ನಮ್ಮದು 53 ತೋರಿಸಿತು. ಇನ್ನು ಒಂದು ಕಡ್ಡಿಯನ್ನು ಪಿನ್ನಿಗೂ ಇನ್ನೊಂದನ್ನು ಲೋಹದ ಮೈಗೂ ಹಿಡಿದರೆ ಮೀಟರು ಏನನ್ನೂ ತೋರಿಸಬಾರದು. ನಾನು ಜೋಡಿಸಿದ್ದ ವಯರಿನೊಂದಿಗೆ ಹಿಡಿದಾಗ ಅದು ಕುಂಯ್ ಎಂದು ಕೂಗಿಕೊಂಡಿತು. ಎರಡು ನಿಮಿಷದ ಈ ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡಿದ್ದರೂ ಅತ್ತೆಯವರು ಆ ಗೋಡೆಗೆ ಒರಗಿ ಕೂರಬೇಕಾಗುತ್ತಿರಲಿಲ್ಲ.

ಇಷ್ಟಕ್ಕೇ ವಿಷಯ ಮುಗಿಯಲಿಲ್ಲ. ಹೊಸದಾಗಿ ನೂಲಿನ ಹೊದಿಕೆಯ ಮೂರೆಳೆ ವಯರು, ಮೂರು ಪಿನ್ನಿನ ಪ್ಲಗ್ಗು ಹಾಕಿದ ಮೇಲೆ ಅವನು ಗೋಡೆಯ ಸಾಕೆಟ್ಟನ್ನೂ ಬಿಚ್ಚಿದ. ಮೂರು ತೂತುಗಳಿದ್ದ ಆ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ! ಅರವತ್ತು ವರ್ಷ ಹಳೆಯ ಮನೆ ನಮ್ಮದು. ಮರದ ಪಟ್ಟಿಯ ಮೇಲಿನ ವೈರಿಂಗನ್ನು ತೆಗೆಸಿ ಹೊಸ ಪೈಪಿನಲ್ಲಿ ಹಾಕಿಸಿದಾಗ ಅಡುಗೆಮನೆಗೆ ಮತ್ತು ಬಚ್ಚಲಿಗೆ ಮಾತ್ರ ಅರ್ಥಿಂಗ್, ಅಂದರೆ ಭೂಮಿಗೆ ಇಳಿಯುವ ಹಸಿರು ತಂತಿ, ಎಳೆದು, ನಡುಮನೆಗೆ ಎರಡೇ ತಂತಿಯಲ್ಲಿ ಮುಗಿಸಿದ್ದರು. ಹಿತ್ತಲಿನಲ್ಲಿ ಅರ್ಥಿನ ಗುಂಡಿಯಿದೆ, ಇದ್ದಿಲು ಉಪ್ಪು ತುಂಬಿದ್ದು ನನಗೇ ನೆನಪಿದೆ. ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಬೇಕೆಂದು ಹೇಳಿದವರೂ ಇದ್ದರು, ಹಾಕಲು ಮರೆತವರು ನಾವು. ಮೀಟರ್ ಬೋರ್ಡಿನ ಪಕ್ಕ ಇರುವ ಎಂಸಿಬಿ ನಮ್ಮನ್ನು ಶಾಕಿನಿಂದ ಕಾಪಾಡುತ್ತದೆಂದು ನಾನು ನಂಬಿದ್ದೆ. ಅದು ಹಾಗಲ್ಲವಂತೆ. ಹತ್ತು ಆಂಪಿಯರಿನ ಎಂಸಿಬಿ ಹತ್ತು ಆಂಪಿಯರಿಗೂ ಮೀರಿ ಕರೆಂಟು ಹರಿದಾಗ ವಯರನ್ನು ಕಾಪಾಡುತ್ತದೆ. ಮನುಷ್ಯನನ್ನು ಕೊಲ್ಲಲು ಅದರ ನೂರನೆಯ ಒಂದು ಪಾಲೇ ಸಾಕಾಗಬಹುದು, ಅದು ಎಂಸಿಬಿಯ ಗಮನಕ್ಕೇ ಬರುವುದಿಲ್ಲ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ತಾಳೆ ನೋಡುತ್ತ, 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೂ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುವ ಆರ್‌ಸಿಸಿಬಿ ಎಂಬ ಸಲಕರಣೆ ಬೇರೆ ಇದೆ. ಜಮೆ ಖರ್ಚು ತಾಳೆಯಾಗದಿದ್ದರೆ ಪುಸ್ತಕ ಮುಚ್ಚದ ನನ್ನಂಥವಳಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ದೀಪಾವಳಿಗೆ ಮೊದಲು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಅದನ್ನು ಹಾಕಿಸಿ, ಇಡೀ ಮನೆಗೆ ಹಸಿರು ತಂತಿ ಎಳೆಸಿದೆವು. ಆ ಖರ್ಚಿನಲ್ಲಿ ನಾನು ಚೌಕಾಶಿ ಮಾಡಲಿಲ್ಲ.

ಬಿಚ್ಚಿದ್ದು ತಪ್ಪೆಂದು ನಾನು ಈಗಲೂ ಭಾವಿಸಿಲ್ಲ. ತಿಳಿಯದೆ ಬಿಚ್ಚಿದ್ದು ತಪ್ಪು. ಅದನ್ನು ತಿಳಿಸಬೇಕಾದವರು ಯಾರೂ ತಿಳಿಸದೆ, ಮುಟ್ಟಬೇಡಿ ಎಂದಷ್ಟೇ ಹೇಳಿ ಕೈ ತೊಳೆದುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು. ಸೇವಾ ಕೇಂದ್ರಗಳಿರುವುದು ಜಿಲ್ಲಾ ಕೇಂದ್ರದಲ್ಲಿ, ಹೆಚ್ಚೆಂದರೆ ಒಂದೆರಡು ತಾಲ್ಲೂಕು ಕೇಂದ್ರಗಳಲ್ಲಿ. ಕಳಸದಲ್ಲೋ ಬಾಳೆಹೊನ್ನೂರಿನ ಒಳಗಿನ ಹಳ್ಳಿಯಲ್ಲೋ ಇರುವವರು 40 ರೂಪಾಯಿಯ ಕಪ್ಲರಿಗಾಗಿ ಘಟ್ಟದ ತಿರುವುಗಳನ್ನು ಹತ್ತಿಳಿದು ಬರುವರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅವರು ಬಿಚ್ಚಿಯೇ ಬಿಚ್ಚುತ್ತಾರೆ. ಕತ್ತಿಯ ತುದಿಯಲ್ಲಿ ಬಿಚ್ಚುತ್ತಾರೆ, ಹಲ್ಲಿನಿಂದ ವಯರು ಸುಲಿಯುತ್ತಾರೆ, ಪ್ಲಗ್ಗಿಲ್ಲದಿದ್ದರೆ ಬೆತ್ತಲೆ ತಂತಿಯನ್ನೇ ಸಾಕೆಟ್ಟಿಗೆ ಸಿಕ್ಕಿಸಿ ಬೆಂಕಿಕಡ್ಡಿ ತುರುಕುತ್ತಾರೆ. ತೋಟದ ಕೆಲಸಗಾರರ ಲೈನುಮನೆಗಳಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಲ್ಲವನ್ನೂ ಮನೆಯಲ್ಲೇ ರಿಪೇರಿ ಮಾಡಬಹುದೆಂದೂ ಅಲ್ಲ. ಮೈಕ್ರೋವೇವ್ ಒಲೆಯ ಕವಚವನ್ನು ಬಿಚ್ಚುವ ಮಾತೇ ಬೇಡ. ಅದರೊಳಗಿನ ಕೆಪಾಸಿಟರು ಎರಡು ಸಾವಿರ ವೋಲ್ಟಿನ ಮಟ್ಟದಲ್ಲಿ ಕೆಲಸ ಮಾಡುವಂಥದ್ದು, ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ಪ್ರಾಣ ತೆಗೆಯುವಷ್ಟು ಶಕ್ತಿ ಉಳಿದಿರಬಹುದು. ಈಗಿನ ಅನೇಕ ಫ್ರಿಜ್ಜುಗಳಲ್ಲಿ ತುಂಬುವ ಆರ್600ಎ ಎಂಬ ಅನಿಲ ಬೆಂಕಿ ಹತ್ತುವಂಥದ್ದು, ಆದ್ದರಿಂದ ಅದರ ಕೊಳವೆಗಳಿಗೆ ಕೈ ಹಾಕುವುದು ತರಬೇತಾದವರ ಕೆಲಸ. ಗ್ಯಾಸ್ ಒಲೆಯ ವಾಲ್ವು, ಗೀಸರಿನ ಒಳಭಾಗ, ಇನ್ವರ್ಟರು ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಫ್ರಿಜ್ಜಿನ ಬಾಗಿಲಿನ ರಬ್ಬರು, ಮಿಕ್ಸಿಯ ಕಪ್ಲರು, ವಾಷಿಂಗ್ ಮಷಿನ್ನಿನ ಜರಡಿ, ಗ್ರೈಂಡರಿನ ಬೆಲ್ಟು ಈ ಕಡೆಯ ಸಾಲಿನವು. ನಡುವೆ ಕೆಲವು ಇವೆ: ನಿಧಾನವಾಗಿ ತಿರುಗುವ ಸೀಲಿಂಗ್ ಫ್ಯಾನಿಗೆ ಹೊಸ ಕೆಪಾಸಿಟರು ಹಾಕುವುದು, ಮಿಕ್ಸಿಯ ಸವೆದ ಕಾರ್ಬನ್ ಬ್ರಷ್ಷು ಬದಲಿಸುವುದು, ಒಮ್ಮೆ ತಿಳಿದವರು ಎದುರಿಗೆ ಕೂತು ಮಾಡಿಸಿದರೆ ಎರಡನೆಯ ಸಲ ನಾವೇ ಮಾಡಬಹುದಾದವು. ಸ್ವಿಚ್ ಆರಿಸಿದರೆ ಸಾಕೆಂದುಕೊಳ್ಳದೆ ಪ್ಲಗ್ಗನ್ನೇ ಕೀಳಬೇಕು, ಫ್ಯಾನಿನಂಥದ್ದಕ್ಕೆ ಮೇನನ್ನೇ ಇಳಿಸಬೇಕು, ಏಕೆಂದರೆ ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟು ಬರುವ ಫೇಸಿನ ಬದಲು ಅದು ಮರಳುವ ನ್ಯೂಟ್ರಲ್ಲಿಗೆ ತಪ್ಪಾಗಿ ಹಾಕಿರುವುದುಂಟು, ಆಗ ಸ್ವಿಚ್ ಆರಿಸಿದರೂ ಒಳಗೆ ಕರೆಂಟು ಇದ್ದೇ ಇರುತ್ತದೆ. ಈ ಗಡಿ ಎಲ್ಲಿದೆ ಎಂಬುದನ್ನು ಯಂತ್ರ ಮಾಡಿದವರಿಗಿಂತ ಚೆನ್ನಾಗಿ ಬಲ್ಲವರು ಇಲ್ಲ. ಅವರು ಅದನ್ನು ಬರೆದುಕೊಡುವುದಿಲ್ಲ.

ಬರೆದುಕೊಡುವಂತೆ ಮಾಡಲು ಸಾಧ್ಯ ಎಂಬುದಕ್ಕೆ ಹೊರಗಿನ ಉದಾಹರಣೆ ಇದೆ. ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ವಾಷಿಂಗ್ ಮಷಿನ್ನಿನ ಬಿಡಿಭಾಗಗಳು ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಸಿಗುವಂತಿರಬೇಕು. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು, ಅಲ್ಲಿ ಬಿಡಿಭಾಗಗಳನ್ನು ಎರಡು ಪಟ್ಟಿ ಮಾಡಿದ್ದಾರೆ: ಬಾಗಿಲು, ರಬ್ಬರು, ಸೋಪು ಹಾಕುವ ತಟ್ಟೆಯಂಥವು ಯಾರಿಗೆ ಬೇಕಾದರೂ ಸಿಗಬೇಕು, ಮೋಟಾರು, ಬೋರ್ಡಿನಂಥವು ವೃತ್ತಿಪರ ರಿಪೇರಿಯವರಿಗೆ ಸಿಗಬೇಕು. ಅಂದರೆ ನಾನು ಕೇಳುತ್ತಿರುವ ಗಡಿಯನ್ನು ಅಲ್ಲಿ ಕಾನೂನೇ ಎಳೆದಿದೆ. ಫ್ರಾನ್ಸಿನಲ್ಲಿ ಅದೇ ವರ್ಷದ ಜನವರಿಯಿಂದ ಕೆಲವು ಯಂತ್ರಗಳ ಮೇಲೆ, ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂದು ಹತ್ತಕ್ಕೆ ಇಷ್ಟು ಎಂಬ ಅಂಕವನ್ನು ನಮೂದಿಸುತ್ತಾರೆ. ನಮ್ಮಲ್ಲಿ ಫ್ರಿಜ್ಜಿನ ಮೇಲೆ ವಿದ್ಯುತ್ ಉಳಿತಾಯದ ನಕ್ಷತ್ರಗಳಿರುವಂತೆ.

ನಮ್ಮ ಕೇಂದ್ರ ಸರ್ಕಾರವೂ ಸುಮ್ಮನೆ ಕುಳಿತಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಅದಕ್ಕೆಂದೇ ಒಂದು ಜಾಲತಾಣವನ್ನು ತೆರೆಯಿತು. ಕೃಷಿ ಯಂತ್ರಗಳು, ಮೊಬೈಲ್, ವಾಹನಗಳೊಂದಿಗೆ ಗೃಹೋಪಯೋಗಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಫ್ರಾನ್ಸಿನ ಮಾದರಿಯ ರಿಪೇರಿ ಅಂಕದ ಬಗ್ಗೆ ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಆದರೆ ಅದು ಮೊದಲಿಗೆ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳಿಗೆ. ಮಿಕ್ಸಿ, ಗ್ರೈಂಡರು, ಇಸ್ತ್ರಿ ಪೆಟ್ಟಿಗೆಗಳ ಸರದಿ ಯಾವಾಗ? ಮೊಬೈಲು ಕೆಟ್ಟರೆ ಮಾತು ನಿಲ್ಲುತ್ತದೆ, ಇಸ್ತ್ರಿ ಪೆಟ್ಟಿಗೆ ಕೆಟ್ಟರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ. ಬಿಡಿಭಾಗ ಕೊಡದೆ ಸತಾಯಿಸಿದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದೆಂಬುದನ್ನೂ ಈ ಸಂದರ್ಭದಲ್ಲಿ ಓದುಗರ ಗಮನಕ್ಕೆ ತರುತ್ತೇನೆ.

ನನ್ನ ಕೋರಿಕೆ ಎರಡು ಕಡೆಗೆ. ಕರ್ನಾಟಕದಲ್ಲಿ ಯಂತ್ರ ಮಾರುವ ಕಂಪನಿಗಳು ಕೈಪಿಡಿಯನ್ನು ಕನ್ನಡದಲ್ಲೂ ಕೊಡಬೇಕು, ಅದರ ಮೊದಲ ಪುಟದಲ್ಲೇ ಮನೆಯವರು ಮಾಡಬಹುದಾದ ಕೆಲಸ ಯಾವುದು, ಮುಟ್ಟಲೇಬಾರದ ಭಾಗ ಯಾವುದು, ಬದಲಿ ವಯರು ಯಾವ ಬಗೆಯದಾಗಿರಬೇಕು ಎಂಬುದನ್ನು ಚಿತ್ರದೊಂದಿಗೆ ಮುದ್ರಿಸಬೇಕು. ರಾಜ್ಯ ಸರ್ಕಾರ ಇದನ್ನು ಕಡ್ಡಾಯ ಮಾಡಲು ಸಾಧ್ಯವೇ ಎಂದು ನಮ್ಮ ಶಾಸಕರು ಸದನದಲ್ಲಿ ಕೇಳಬೇಕು. ಬಣ್ಣದ ಗುರುತನ್ನಾದರೂ ತಿಳಿಸಲಿ. ನಮ್ಮ ಹಳೆಯ ವಯರುಗಳಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥು. ಈಗ ಯಂತ್ರಗಳೊಂದಿಗೆ ಬರುವ ವಯರುಗಳಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದು ಅರ್ಥು. ಹಳೆಯದಕ್ಕೆ ಹೊಸದನ್ನು ಜೋಡಿಸುವ ಎಷ್ಟೋ ಜನ ಇಲ್ಲಿಯೇ ಎಡವುತ್ತಾರೆ.

ಎರಡನೆಯದು ನಮ್ಮ ಜಿಲ್ಲೆಯಲ್ಲೇ ಆಗಬಹುದಾದದ್ದು. ಸ್ವಉದ್ಯೋಗ ತರಬೇತಿ ಸಂಸ್ಥೆಗಳು ರಿಪೇರಿಯನ್ನು ವೃತ್ತಿಯಾಗಿ ಮಾಡುವವರಿಗೆ ವಾರಗಟ್ಟಲೆ ಪಾಠ ಹೇಳುತ್ತವೆ, ಒಳ್ಳೆಯದೇ. ನಮಗೆ ಬೇಕಾದುದು ಅದಲ್ಲ. ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಮೇಜು, ಮೀಟರು, ಸಲಕರಣೆ, ಕಲಿಸುವವರು ಎಲ್ಲ ಇದ್ದಾರೆ; ಭಾನುವಾರ ಅವು ಬೀಗ ಹಾಕಿಕೊಂಡಿರುತ್ತವೆ. ತಿಂಗಳಿಗೊಂದು ಭಾನುವಾರ ಅರ್ಧ ದಿನ ಅವುಗಳ ಬಾಗಿಲನ್ನು ಗೃಹಿಣಿಯರಿಗೆ, ಸ್ವಸಹಾಯ ಸಂಘದವರಿಗೆ, ನಿವೃತ್ತರಿಗೆ ತೆರೆದು, ಪ್ಲಗ್ಗಿಗೆ ಮೂರು ಎಳೆ ಜೋಡಿಸುವುದು, ಮೀಟರು ಹಿಡಿಯುವುದು, ಅರ್ಥಿಂಗ್ ಇದೆಯೋ ಇಲ್ಲವೋ ನೋಡುವುದು ಇಷ್ಟನ್ನು ಕೈ ಹಿಡಿದು ಕಲಿಸಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಪುಸ್ತಕದೊಂದಿಗೆ ಒಂದು ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್ ಸೆಟ್ಟನ್ನು ಇಟ್ಟು ಎರವಲು ಕೊಡುವುದು ದೊಡ್ಡ ಖರ್ಚಿನ ಮಾತಲ್ಲ. ನಮ್ಮ ಕೇರಿಯಲ್ಲಿ ನನ್ನ ಮೀಟರು ಈಗ ಇಡ್ಲಿ ತಟ್ಟೆಯಂತೆ ಮನೆಯಿಂದ ಮನೆಗೆ ಹೋಗಿಬರುತ್ತಿದೆ. ಕಳೆದ ತಿಂಗಳು ಎರಡು ಮನೆಗಳ ಸಾಕೆಟ್ಟುಗಳಲ್ಲಿ ಹಸಿರು ತಂತಿ ಇಲ್ಲವೆಂಬುದು ಗೊತ್ತಾದದ್ದು ಹಾಗೆ.

ಅಂಥದೊಂದು ಭಾನುವಾರ ನಡೆಯುವುದಾದರೆ, ಬಿಚ್ಚಿ ಕಲಿಯಲು ನಮ್ಮ ಅಟ್ಟದ ಮೇಲಿರುವ ಎರಡು ಹಳೆಯ ಮಿಕ್ಸಿಗಳನ್ನೂ, ನಾನು ಅಂದು ಹಾಕಿದ್ದ ಆ ಕರಗಿದ ಎರಡೆಳೆಯ ವಯರನ್ನೂ ತಂದುಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗಳೊಬ್ಬಳು,
ಹಿರೇಮಗಳೂರು, ಚಿಕ್ಕಮಗಳೂರು